ಹಾರಿದರಷ್ಟೇ ವಿಮಾನ

1951ರಲ್ಲಿ ಗಂಡ ಹೆಂಡತಿಯ ಜೋಡಿಯೊಂದು ಡಿ ಹ್ಯಾವಿಲೆಂಡ್ ಕಂಪನಿಯ ಡವ್ ಎಂಬ ಎರಡು ಎಂಜಿನ್ನುಗಳ ಪುಟ್ಟ ವಿಮಾನವನ್ನು ಲಂಡನ್ನಿನಿಂದ ಹಾರಿಸಿಕೊಂಡು ಹೊರಟು 27 ಗಂಟೆಗಳಲ್ಲಿ ಮುಂಬಯಿ ಮುಟ್ಟಿತು. ಮದ್ರಾಸ್ ಸರ್ಕಾರ ಕೊಂಡಿದ್ದ ವಿಮಾನ ಅದು. ತಂದುಕೊಡುವ ಹೊಣೆ ಹೊತ್ತವರು ಕ್ಯಾಪ್ಟನ್ ವಿ. ಸುಂದರಂ, ಜೊತೆಗಿದ್ದ ಪೈಲಟ್, ಅವರ ಪತ್ನಿ ಉಷಾ ಸುಂದರಂ. ಪಿಸ್ಟನ್ ಎಂಜಿನ್ನಿನ ವಿಮಾನಗಳ ಮಟ್ಟಿಗೆ ಅದೊಂದು ದಾಖಲೆ ಎಂದು ಇಂದಿಗೂ ಹೇಳುತ್ತಾರೆ. ದಾಖಲೆಗಿಂತ ನಮಗೆ ಮುಖ್ಯವಾಗಬೇಕಾದದ್ದು ಆ ಜೋಡಿಯ ಹಿಂದಿದ್ದ ಊರು. ಸುಂದರಂ ಬೆಂಗಳೂರಿನ ಜಕ್ಕೂರಿನಲ್ಲಿ 1948ರಲ್ಲಿ ಶುರುವಾದ ಸರ್ಕಾರಿ ವಿಮಾನ ಹಾರಾಟ ತರಬೇತಿ ಶಾಲೆಯಲ್ಲಿ ಶಿಕ್ಷಕರಾಗಿದ್ದವರು, ಮೈಸೂರು ಮಹಾರಾಜರ ಡಕೋಟಾ ವಿಮಾನದ ಪೈಲಟ್ ಆಗಿದ್ದವರು. ಉಷಾ ಅದೇ ಜಕ್ಕೂರು ಶಾಲೆಯಿಂದ 1949ರಲ್ಲಿ ತೇರ್ಗಡೆಯಾದ ಮೊದಲ ಮಹಿಳೆ. ಮದುವೆಯಾಗಿ, ಮಕ್ಕಳ ತಾಯಿಯಾದ ಮೇಲೆ ಕಾಕ್‌ಪಿಟ್ ಏರಿದ ಆಕೆ ಗಂಡನ ಜೊತೆ ಡಕೋಟಾದಲ್ಲಿ ಸಹಪೈಲಟ್ ಆಗಿ ನೆಹರೂ, ಪಟೇಲ್ ಮುಂತಾದವರನ್ನು ಊರಿಂದೂರಿಗೆ ಕರೆದೊಯ್ದರು. ಮುಂದೆ ಚೆನ್ನೈಯಲ್ಲಿ ಈ ದಂಪತಿ ಕಟ್ಟಿದ ಬ್ಲೂ ಕ್ರಾಸ್ ಪ್ರಾಣಿದಯಾ ಸಂಸ್ಥೆ ದೇಶಕ್ಕೇ ಪರಿಚಿತ. ಅವರನ್ನು ಹಾರಲು ಕಳಿಸಿದ ಜಕ್ಕೂರಿನ ಕಥೆ ಮಾತ್ರ ಬೆಂಗಳೂರಿಗರಿಗೇ ಅಷ್ಟಾಗಿ ಗೊತ್ತಿಲ್ಲ.

ಸುಂದರಂ ಅವರಿಗೆ ಹಾರಾಟ ವೃತ್ತಿ. ಆದರೆ ಗಂಡ ಹೆಂಡತಿ ಒಂದೇ ಕಾಕ್‌ಪಿಟ್‌ನಲ್ಲಿ ಕೂರುವುದು, ಗೆಳೆಯರು ಸೇರಿ ಒಂದು ಸಣ್ಣ ವಿಮಾನವನ್ನು ಸಾಕಿಕೊಳ್ಳುವುದು, ಭಾನುವಾರ ಬೆಳಿಗ್ಗೆ ಅದನ್ನು ಹ್ಯಾಂಗರಿನಿಂದ ಹೊರಗೆಳೆದು ಒಂದು ಸುತ್ತು ಹಾರಿಬರುವುದು ಆ ಕಾಲಕ್ಕೆ ಈ ನಗರದಲ್ಲಿ ಊಹಿಸಲಾಗದ ಸಂಗತಿಯಾಗಿರಲಿಲ್ಲ. ಇಂಗ್ಲೆಂಡು, ಅಮೆರಿಕ, ಜರ್ಮನಿಗಳಲ್ಲಿ ಇಂದು ಅದೇ ಹವ್ಯಾಸ ಇನ್ನೊಂದು ರೂಪದಲ್ಲಿ ಬೆಳೆದಿದೆ. 70–80 ವರ್ಷ ಹಳೆಯ ವಿಮಾನಗಳನ್ನು ದಂಪತಿಗಳು, ಗೆಳೆಯರ ಗುಂಪುಗಳು ಕೊಂಡು, ಬಿಚ್ಚಿ, ಜೋಡಿಸಿ, ಹಾರಿಸುತ್ತಿದ್ದಾರೆ. ವಿಮಾನ ತಯಾರಿಕೆಯಲ್ಲಿ ದೇಶದ ರಾಜಧಾನಿ ಎನಿಸಿಕೊಂಡ ಬೆಂಗಳೂರಿನಲ್ಲಿ ಆ ಹವ್ಯಾಸ ಬೇರುಬಿಡಲಿಲ್ಲ. ಇದು ಕೆಲವೇ ಉಳ್ಳವರ ಶೋಕಿಯೊಂದು ತಪ್ಪಿಹೋದ ವಿಷಯ ಎಂದು ತಳ್ಳಿಹಾಕುವಂತಿಲ್ಲ. ಹಳೆಯ ವಿಮಾನವನ್ನು ಉಳಿಸಿಕೊಳ್ಳಬೇಕಾದರೆ ಅದನ್ನು ಹಾರಿಸುತ್ತಿರಬೇಕು. ಆ ಕೆಲಸವನ್ನು ತಲೆಮಾರುಗಳ ಕಾಲ ಮಾಡಬಲ್ಲವರು ಹವ್ಯಾಸಿಗಳು. ಅವರಿಗೆ ಜಾಗ ಕೊಡದ ಕಾರಣ ನಾವು ನಮ್ಮದೇ ಕೈಕಸುಬಿನ ಒಂದು ದೊಡ್ಡ ಪಾಲನ್ನು ಕಳೆದುಕೊಂಡಿದ್ದೇವೆ. ಈ ಲೇಖನದ ವಾದ ಇಷ್ಟು.

ಈ ಹವ್ಯಾಸ ಜೊತೆಗಾರರಿಲ್ಲದೆ ಏಕೆ ನಡೆಯುವುದಿಲ್ಲ ಎಂಬುದನ್ನು ಹಳೆಯ ವಿಮಾನದ ರಚನೆಯೇ ಹೇಳುತ್ತದೆ. 1931ರಲ್ಲಿ ಮೊದಲು ಹಾರಿದ ಟೈಗರ್ ಮಾತ್ ವಿಮಾನವನ್ನೇ ನೋಡಿ. ಒಂದರ ಮೇಲೊಂದು ಎರಡು ರೆಕ್ಕೆ, ರೆಕ್ಕೆಗಳಿಗೆ ಸ್ಪ್ರೂಸ್ ಮರದ ಚೌಕಟ್ಟು, ಮೇಲೆ ಬಟ್ಟೆಯ ಹೊದಿಕೆ. ಬಟ್ಟೆ ಬಿಗಿದುಕೊಳ್ಳಲು ಬಳಿಯುವ ದ್ರವಕ್ಕೆ ಡೋಪ್ ಎನ್ನುತ್ತಾರೆ. ಮುಂದೆ ನಾಲ್ಕು ಸಿಲಿಂಡರಿನ, 130 ಅಶ್ವಶಕ್ತಿಯ ಜಿಪ್ಸಿ ಮೇಜರ್ ಎಂಜಿನ್. ಮೂಲ ವಿನ್ಯಾಸದಲ್ಲಿ ಸೆಲ್ಫ್ ಸ್ಟಾರ್ಟರ್ ಇಲ್ಲ, ಬ್ರೇಕ್ ಇಲ್ಲ. ಒಬ್ಬರು ಒಳಗೆ ಕುಳಿತು ಥ್ರಾಟಲ್ ಮತ್ತು ಮ್ಯಾಗ್ನೆಟೊ ಸ್ವಿಚ್ ನೋಡಿಕೊಳ್ಳಬೇಕು, ಇನ್ನೊಬ್ಬರು ಹೊರಗೆ ನಿಂತು ಪ್ರೊಪೆಲ್ಲರನ್ನು ಕೈಯಿಂದ ತಿರುಗಿಸಿ ತಟ್ಟನೆ ಹಿಂದೆ ಸರಿಯಬೇಕು. ಒಳಗಿನವರು ಸ್ವಿಚ್ ಹಾಕಿದ್ದಾರೋ ತೆಗೆದಿದ್ದಾರೋ ಎಂಬುದನ್ನು ಹೊರಗಿನವರು ಕೂಗಿ ಕೇಳಬೇಕು, ಒಳಗಿನವರು ಕೂಗಿ ಉತ್ತರಿಸಬೇಕು. ಆ ಮಾತು ಒಂದು ಕ್ಷಣ ತಪ್ಪಿದರೂ ಹೊರಗಿನವರ ಕೈ ಹೋಗುತ್ತದೆ, ಪ್ರಾಣವೂ ಹೋಗಬಹುದು. ಚಕ್ರದ ಮುಂದಿನ ಮರದ ದಿಮ್ಮಿ ತೆಗೆಯಲು ಮತ್ತೊಬ್ಬರು ಬೇಕು. ಗಾಳಿ ಜೋರಾಗಿದ್ದರೆ ರೆಕ್ಕೆಯ ತುದಿ ಹಿಡಿದು ಜೊತೆಯಲ್ಲಿ ನಡೆಯಲು ಇನ್ನಿಬ್ಬರು. ನೆಲದ ಮೇಲಿದ್ದಾಗ ಮೂಗು ಮೇಲೆದ್ದಿರುವುದರಿಂದ ಪೈಲಟ್‌ಗೆ ನೇರ ಮುಂದಿನದು ಕಾಣುವುದಿಲ್ಲ, ಅಂಕುಡೊಂಕಾಗಿ ಓಡಿಸಿಕೊಂಡು ಹೋಗಬೇಕು. ರೆಕ್ಕೆಯ ಬಟ್ಟೆ ಹಳತಾದಾಗ ಬಿಚ್ಚಿ, ಹೊಸದನ್ನು ಹೊದಿಸಿ, ಹೊಲಿಗೆ ಹಾಕಿ, ಒಂದರ ಮೇಲೊಂದು ಪದರವಾಗಿ ಡೋಪ್ ಬಳಿಯಬೇಕು. ಅದು ವಾರಗಟ್ಟಲೆ ಹಿಡಿಯುವ ಕೆಲಸ. ಎರಡು ಜೊತೆ ಕೈ, ಎರಡು ಜೊತೆ ಕಣ್ಣು ಇದ್ದಷ್ಟೂ ಒಳ್ಳೆಯದು. ಹೀಗಾಗಿ ಹಳೆಯ ವಿಮಾನವಿರುವಲ್ಲಿ ಅದರ ಸುತ್ತ ಒಂದು ಸಣ್ಣ ಬಳಗ ತಾನಾಗಿ ಕಟ್ಟಿಕೊಳ್ಳುತ್ತದೆ. ಅದರ ನಡುವೆ ಬಹಳ ಸಲ ಒಂದು ದಂಪತಿ ಇರುತ್ತದೆ.

ಅಮೆರಿಕದ ಉದಾಹರಣೆ ಇದಕ್ಕೆ ಒಳ್ಳೆಯ ಸಾಕ್ಷಿ. 1953ರಲ್ಲಿ ಮಿಲ್ವಾಕಿ ನಗರದ ಬಳಿ ಪಾಲ್ ಪೊಬೆರೆಜ್ನಿ ಮತ್ತು ಅವರ ಪತ್ನಿ ಆಡ್ರಿ ತಮ್ಮ ಮನೆಯ ನೆಲಮಾಳಿಗೆಯಿಂದಲೇ ಎಕ್ಸ್‌ಪೆರಿಮೆಂಟಲ್ ಏರ್‌ಕ್ರಾಫ್ಟ್ ಅಸೋಸಿಯೇಷನ್ ನಡೆಸಲು ಶುರುಮಾಡಿದರು. ಮನೆಯಲ್ಲೇ ವಿಮಾನ ಕಟ್ಟುವವರು, ಹಳೆಯ ವಿಮಾನ ರಿಪೇರಿ ಮಾಡುವವರು ಒಂದೆಡೆ ಸೇರಲಿ ಎಂಬುದಷ್ಟೇ ಆಸೆ. ಈಗ ಪ್ರತಿ ವರ್ಷ ಜುಲೈ ಹೊತ್ತಿಗೆ ಆಷ್ಕಾಷ್ ಎಂಬ ಸಣ್ಣ ಊರಿನಲ್ಲಿ ಆ ಸಂಘದ ಸಮಾವೇಶಕ್ಕೆ ಹತ್ತು ಸಾವಿರದಷ್ಟು ವಿಮಾನಗಳು ಹಾರಿಬರುತ್ತವೆ, ಐದು ಲಕ್ಷಕ್ಕೂ ಹೆಚ್ಚು ಜನ ನೋಡಲು ಬರುತ್ತಾರೆ. ಇಂಗ್ಲೆಂಡಿನ ಬೆಡ್‌ಫರ್ಡ್‌ಷೈರಿನ ಓಲ್ಡ್ ವಾರ್ಡನ್‌ನಲ್ಲಿ ಷಟಲ್‌ವರ್ತ್ ಸಂಗ್ರಹ ಇದೆ. ಅಲ್ಲಿಯ ಹುಲ್ಲಿನ ರನ್‌ವೇಯಲ್ಲಿ 1909ರ ಬ್ಲೇರಿಯೊ ವಿಮಾನ ಗಾಳಿ ತಣ್ಣಗಿರುವ ಸಂಜೆಗಳಲ್ಲಿ ಇಂದಿಗೂ ನೆಲ ಬಿಟ್ಟು ಏಳುತ್ತದೆ. ರಿಚರ್ಡ್ ಷಟಲ್‌ವರ್ತ್ ಎಂಬ ಯುವಕನ ಹವ್ಯಾಸವಾಗಿ ಶುರುವಾದದ್ದು ಅದು. 1940ರಲ್ಲಿ ಆತ ವಿಮಾನ ಅಪಘಾತದಲ್ಲಿ ಸತ್ತಾಗ ತಾಯಿ ಡೊರೊಥಿ ಟ್ರಸ್ಟ್ ಮಾಡಿ ಉಳಿಸಿದರು.

ಬೆಂಗಳೂರಿಗೆ ಈ ಸಾಲಿನಲ್ಲಿ ನಿಲ್ಲುವ ಹಕ್ಕು ಬೇರೆ ಯಾವ ಭಾರತೀಯ ನಗರಕ್ಕಿಂತ ಹೆಚ್ಚು. ವಾಲ್‌ಚಂದ್ ಹೀರಾಚಂದ್ ಅವರ ಛಲ ಮತ್ತು ಮೈಸೂರು ಸಂಸ್ಥಾನದ ಬೆಂಬಲದಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್, ಅಂದರೆ ಇಂದಿನ ಎಚ್‌ಎಎಲ್, ಹುಟ್ಟಿತು. 1951ರ ಆಗಸ್ಟಿನಲ್ಲಿ ಡಾ. ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ ಎಚ್‌ಟಿ-2 ತರಬೇತಿ ವಿಮಾನ ಹಾರಿತು. ಇಲ್ಲೇ ಯೋಚಿಸಿ, ಇಲ್ಲೇ ಕಟ್ಟಿದ ವಿಮಾನ ಅದು. ನೂರೈವತ್ತಕ್ಕೂ ಹೆಚ್ಚು ಎಚ್‌ಟಿ-2ಗಳು ಇಲ್ಲಿಂದ ಹೊರಬಿದ್ದವು, ಕೆಲವು ಘಾನಾ ದೇಶಕ್ಕೂ ಹೋದವು. ಭಾರತದ ವಾಯುಪಡೆಯ ಹಲವು ಸಾಲು ಪೈಲಟ್‌ಗಳು ಮೊದಲ ಬಾರಿ ನೆಲ ಬಿಟ್ಟದ್ದು ಅದರಲ್ಲೇ. ಹವ್ಯಾಸದ ದೃಷ್ಟಿಯಿಂದ ಇನ್ನೂ ಮುಖ್ಯವಾದದ್ದು 1958ರ ಸೆಪ್ಟೆಂಬರಿನಲ್ಲಿ ಹಾರಿದ ಪುಷ್ಪಕ್. ಅಮೆರಿಕದ ಏರೊಂಕಾ ಚೀಫ್ ಮಾದರಿಯನ್ನು ಹೋಲುವ, ಮೇಲ್ರೆಕ್ಕೆಯ, ಬಟ್ಟೆ ಹೊದಿಸಿದ, ಇಬ್ಬರು ಪಕ್ಕಪಕ್ಕ ಕೂರುವ ವಿಮಾನ. ಎಂಜಿನ್ 90 ಅಶ್ವಶಕ್ತಿಯದು, ಅಂದರೆ ಇಂದಿನ ಸಾಧಾರಣ ಕಾರಿನಷ್ಟು. ಸುಮಾರು 160 ಪುಷ್ಪಕ್‌ಗಳು ತಯಾರಾಗಿ ದೇಶದ ಫ್ಲೈಯಿಂಗ್ ಕ್ಲಬ್‌ಗಳಿಗೆ ಹಂಚಿಹೋದವು. ಯುದ್ಧಕ್ಕಲ್ಲ, ವ್ಯಾಪಾರಕ್ಕೂ ಅಲ್ಲ, ನಾಗರಿಕರು ಹಾರಲು ಕಲಿಯಲಿ ಎಂದೇ ಸರ್ಕಾರಿ ಕಾರ್ಖಾನೆಯೊಂದು ವಿಮಾನ ಕಟ್ಟಿದ ಕಾಲ ಅದು. ಇಂದು ಆ 160ರಲ್ಲಿ ಹೆಚ್ಚಿನವು ಗುಜರಿಗೆ ಹೋಗಿವೆ, ಇಲ್ಲವೇ ಕಾಲೇಜುಗಳ ಅಂಗಳದಲ್ಲಿ, ಷೆಡ್ಡುಗಳಲ್ಲಿ ರೆಕ್ಕೆ ಕಳಚಿಕೊಂಡು ನಿಂತಿವೆ.

ದುರಸ್ತಿಯ ವಿಷಯದಲ್ಲಂತೂ ಈ ನಗರ ಮಾಡಿದ್ದನ್ನು ಜಗತ್ತಿನ ಕೆಲವೇ ಊರುಗಳು ಮಾಡಿವೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಅಮೆರಿಕನ್ ಸೇನೆಯ ದೊಡ್ಡ ದುರಸ್ತಿ ಡಿಪೊ ಆಗಿತ್ತು. ಡಕೋಟಾಗಳು ಇಲ್ಲಿ ಬಿಚ್ಚಿ ಜೋಡಣೆಯಾಗುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾ ವಿಮಾನಗಳು ಬೆಳ್ಳಂದೂರು ಕೆರೆಗೆ ಇಳಿದು ಕಾರ್ಖಾನೆಗೆ ಬರುತ್ತಿದ್ದವು. ಅದಕ್ಕಿಂತ ದೊಡ್ಡ ಕೆಲಸ ಯುದ್ಧ ಮುಗಿದ ಮೇಲೆ ನಡೆಯಿತು. ನಾಲ್ಕು ಎಂಜಿನ್ನುಗಳ ಬಿ-24 ಲಿಬರೇಟರ್ ಬಾಂಬರ್‌ಗಳನ್ನು ಬ್ರಿಟಿಷರು ಕಾನ್ಪುರದಲ್ಲಿ ಬಿಟ್ಟುಹೋಗುವಾಗ ಯಾರೂ ಮತ್ತೆ ಹಾರಿಸದಂತೆ ಬೇಕೆಂದೇ ಕೆಡಿಸಿದ್ದರು. 1948ರ ಹೊತ್ತಿಗೆ ಹೊಸ ದೇಶಕ್ಕೆ ಬಾಂಬರ್ ಬೇಕಿತ್ತು, ಕೊಳ್ಳಲು ದುಡ್ಡಿರಲಿಲ್ಲ. ಆ ಗುಜರಿಯನ್ನು ಹಾರುವಷ್ಟರ ಮಟ್ಟಿಗೆ ತೇಪೆ ಹಾಕಿ, ಟೆಸ್ಟ್ ಪೈಲಟ್ ಜಮ್‌ಷೆಡ್ ಮುನ್ಷಿ ಒಂದೊಂದಾಗಿ ಬೆಂಗಳೂರಿಗೆ ಹಾರಿಸಿಕೊಂಡು ಬಂದರು. ಇಲ್ಲಿಯ ಕೆಲಸಗಾರರು ಅವನ್ನು ಪೂರ್ತಿಯಾಗಿ ನವೀಕರಿಸಿ ವಾಯುಪಡೆಗೆ ಕೊಟ್ಟರು. ಹೀಗೆ ಸುಮಾರು ನಲವತ್ತು ಲಿಬರೇಟರ್‌ಗಳು ಮರುಜೀವ ಪಡೆದವು, ಕೊನೆಯವು 1968ರವರೆಗೆ ಸೇವೆಯಲ್ಲಿದ್ದವು. ಬೇರೆ ದೇಶಗಳು ಅಷ್ಟರೊಳಗೆ ತಮ್ಮವನ್ನು ಬಹುಪಾಲು ಕರಗಿಸಿ ಮುಗಿಸಿದ್ದವು. ಆದ್ದರಿಂದಲೇ ಬ್ರಿಟನ್ನಿನ ರಾಯಲ್ ಏರ್ ಫೋರ್ಸ್ ಮ್ಯೂಸಿಯಂ, ಅಮೆರಿಕದ ಅರಿಜೋನಾದ ಪೀಮಾ ಮ್ಯೂಸಿಯಂಗಳಲ್ಲಿ ಇಂದು ನಿಂತಿರುವ ಲಿಬರೇಟರ್‌ಗಳು ಭಾರತೀಯ ವಾಯುಪಡೆ ಕೊಟ್ಟವು. ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ 1989ರಿಂದ ದಶಕಗಳ ಕಾಲ ಊರೂರಿಗೆ ಹಾರಿಸಿಕೊಂಡು ಹೋದ ಲಿಬರೇಟರ್ ಕೂಡ ನಮ್ಮ ವಾಯುಪಡೆಯಲ್ಲಿ ದುಡಿದದ್ದೇ. ಜಗತ್ತಿನ ಹಳೆಯ ವಿಮಾನಪ್ರಿಯರು ಕೈಮುಗಿದು ನೋಡುವ ಯಂತ್ರಗಳು ಉಳಿದದ್ದರ ಹಿಂದೆ ಬೆಂಗಳೂರಿನ ಫಿಟ್ಟರ್‌ಗಳು, ರಿವೆಟ್ ಹೊಡೆಯುವವರು, ಎಂಜಿನ್ ಮೆಕ್ಯಾನಿಕ್‌ಗಳು ಇದ್ದಾರೆ ಎಂಬುದು ನಮ್ಮ ಶಾಲಾ ಪುಸ್ತಕಗಳಲ್ಲಿ ಒಂದು ಸಾಲಾದರೂ ಆಗಬೇಕಿತ್ತು.

ಇದರ ಪಕ್ಕದಲ್ಲಿ ಇನ್ನೊಂದು ಸಂಗತಿ ಇಟ್ಟು ನೋಡಿದರೆ ಮನಸ್ಸಿಗೆ ಕಸಿವಿಸಿಯಾಗುತ್ತದೆ. ಭಾರತೀಯ ವಾಯುಪಡೆ ತನ್ನ ವಿಂಟೇಜ್ ಫ್ಲೈಟ್ ಘಟಕಕ್ಕೆ ಮತ್ತೆ ಜೀವ ಕೊಡಲು ಹೊರಟಾಗ ಟೈಗರ್ ಮಾತ್ ದುರಸ್ತಿಯಾದದ್ದು ಇಂಗ್ಲೆಂಡಿನಲ್ಲಿ. 2012ರ ವಾಯುಪಡೆ ದಿನಾಚರಣೆಗೆ ಅದು ಹಾರಿತು. ಕರ್ನಾಟಕದಿಂದ ರಾಜ್ಯಸಭಾ ಸದಸ್ಯರಾಗಿದ್ದ ರಾಜೀವ್ ಚಂದ್ರಶೇಖರ್ ಅವರು, ಡಕೋಟಾ ಹಾರಿಸಿದ್ದ ತಮ್ಮ ತಂದೆಯ ಗೌರವಾರ್ಥ ಕೊಟ್ಟ ಡಕೋಟಾ ವಿಮಾನ ಸಜ್ಜಾದದ್ದೂ ಅಲ್ಲೇ. 2018ರ ಏಪ್ರಿಲ್ 17ರಂದು ಕವೆಂಟ್ರಿಯಿಂದ ಹೊರಟು, 25ರಂದು ಜಾಮ್‌ನಗರ ತಲುಪಿ, ಮೇ 4ರಂದು ಹಿಂಡನ್ ನೆಲೆಯಲ್ಲಿ ವಾಯುಪಡೆ ಸೇರಿತು. ಪರಶುರಾಮ ಎಂಬ ಹೆಸರಿನ ಆ ವಿಮಾನಕ್ಕೆ, 1947ರ ಅಕ್ಟೋಬರ್ 27ರಂದು ಶ್ರೀನಗರದಲ್ಲಿ ಸೈನಿಕರನ್ನು ಇಳಿಸಿದ ಮೊದಲ ಡಕೋಟಾದ ವಿಪಿ 905 ಸಂಖ್ಯೆಯನ್ನೇ ಬರೆಯಲಾಗಿದೆ. ಕೊಟ್ಟವರ ಉದ್ದೇಶ, ಹಾರಿಸಿ ತಂದವರ ಸಾಹಸ ಎರಡೂ ಮೆಚ್ಚಬೇಕಾದವು. ಪ್ರಶ್ನೆ ಬೇರೆ. 1940ರ ದಶಕದಲ್ಲಿ ಡಕೋಟಾಗಳನ್ನು ಸಾಲಾಗಿ ದುರಸ್ತಿ ಮಾಡಿದ ನಗರವಿರುವ ದೇಶ, ಒಂದೇ ಒಂದು ಡಕೋಟಾಕ್ಕಾಗಿ ಇಂಗ್ಲೆಂಡಿಗೆ ಏಕೆ ಹೋಗಬೇಕಾಯಿತು? ಇಂಗ್ಲೆಂಡಿನಲ್ಲಿ ಆ ವಿಮಾನಗಳು ಹವ್ಯಾಸಿಗಳ ಕೈಯಲ್ಲಿ ಹಾರುತ್ತಲೇ ಇದ್ದವು. ಹಾರುತ್ತಿದ್ದುದರಿಂದ ಬಿಡಿಭಾಗ ಮಾಡುವವರು, ಡೋಪ್ ಬಳಿಯಬಲ್ಲವರು, ರೇಡಿಯಲ್ ಎಂಜಿನ್ನಿನ ಸದ್ದು ಕೇಳಿಯೇ ರೋಗ ಹೇಳಬಲ್ಲವರು ತಲೆಮಾರಿನಿಂದ ತಲೆಮಾರಿಗೆ ಉಳಿದರು. ನಮ್ಮಲ್ಲಿ ಸರ್ಕಾರಿ ಕೆಲಸ ಮುಗಿದ ದಿನ ವಿಮಾನ ನಿಂತಿತು, ವಿಮಾನ ನಿಂತ ಮೇಲೆ ಆ ವಿದ್ಯೆ ನಿವೃತ್ತರ ಜೊತೆ ಮನೆಗೆ ಹೋಯಿತು.

ಆ ವಿದ್ಯೆಯ ನೆಲ ಮಾತ್ರ ಇನ್ನೂ ಬತ್ತಿಲ್ಲ. ಅದನ್ನು ನೋಡಲು ನಗರದ ಪಶ್ಚಿಮಕ್ಕೆ ಬರಬೇಕು. ರಾಜಾಜಿನಗರವನ್ನು ಸ್ವಾತಂತ್ರ್ಯದ ಹೊಸತರಲ್ಲಿ ಬಡಾವಣೆ ಮಾಡಿದಾಗಲೇ ಅದರ ಮಗ್ಗುಲಲ್ಲಿ ಕೈಗಾರಿಕೆಗೂ ಜಾಗ ಬಿಟ್ಟರು. ಅಲ್ಲಿಂದ ಮಾಗಡಿ ರಸ್ತೆ, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಇತ್ತ ಪೀಣ್ಯದವರೆಗೆ ಲೇತ್, ಮಿಲ್ಲಿಂಗ್, ಗ್ರೈಂಡಿಂಗ್ ಯಂತ್ರಗಳ ಸಣ್ಣ ಸಣ್ಣ ಷೆಡ್ಡುಗಳು ಹಬ್ಬಿವೆ. ಒಂದು ನಕ್ಷೆ ಕೊಟ್ಟರೆ ಒಂದೇ ಒಂದು ಬುಷ್ ತಿರುಗಿಸಿಕೊಡುವ ಟರ್ನರ್‌ಗಳು ಅಲ್ಲಿದ್ದಾರೆ. ವಿಮಾನ ಮತ್ತು ಉಪಗ್ರಹ ಕಾರ್ಖಾನೆಗಳಿಗೆ ಬಿಡಿಭಾಗ ಒದಗಿಸುವ ಘಟಕಗಳೂ ಪೀಣ್ಯದ ಸುತ್ತ ಇವೆ. ಹಳೆಯ ವಿಮಾನಕ್ಕೆ ಬೇಕಾದದ್ದು ಇಂಥದೇ ಕೈ: ಸಾವಿರ ತುಂಡುಗಳ ಆರ್ಡರ್ ಕೇಳದೆ ಒಂದೇ ತುಂಡನ್ನು ನಿಖರವಾಗಿ ಮಾಡಿಕೊಡುವ ಕೈ. ಮೈಸೂರು ರಸ್ತೆಯಲ್ಲಿ ಕೆಂಗೇರಿಯ ಕಡೆಗೆ ಹೋದರೆ ಏರೋಸ್ಪೇಸ್ ಎಂಜಿನಿಯರಿಂಗ್ ಕಲಿಸುವ ಆರ್.ವಿ. ಕಾಲೇಜು ಸಿಗುತ್ತದೆ. ಕಂಪ್ಯೂಟರಿನಲ್ಲಿ ರೆಕ್ಕೆಯ ಸುತ್ತಲಿನ ಗಾಳಿಯ ಹರಿವನ್ನು ಲೆಕ್ಕ ಹಾಕಲು ಕಲಿಯುವ ಇಂಥ ಕಾಲೇಜುಗಳ ಮಕ್ಕಳು ಒಂದು ನಿಜವಾದ ರೆಕ್ಕೆಗೆ ಬಟ್ಟೆ ಹೊದಿಸಿ, ಅದನ್ನು ಜೋಡಿಸಿ, ಅದು ಹಾರುವುದನ್ನು ನೋಡುವಂತಾದರೆ ಅವರ ವಿದ್ಯೆಗೆ ಬರುವ ಬಲವೇ ಬೇರೆ.

ಈ ಭಾಗದ ಜನರಿಗೆ ಹಳೆಯ ಯಂತ್ರದ ಪ್ರೀತಿ ಹೊಸದೇನೂ ಅಲ್ಲ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಹಾಗಿದ್ದೂ ಜಾವಾ, ಯೆಜ್ಡಿ ಬೈಕುಗಳು ಬೆಂಗಳೂರಿನ ರಸ್ತೆಗಳಿಂದ ಮರೆಯಾಗಲಿಲ್ಲ. ಕಂಪನಿಯ ನೆರವಿಲ್ಲದೆ, ಸರ್ಕಾರದ ಅನುದಾನವಿಲ್ಲದೆ, ಭಾನುವಾರ ಒಟ್ಟಾಗಿ ಸವಾರಿ ಹೊರಡುವ ಗೆಳೆಯರು ಮತ್ತು ದಂಪತಿಗಳು ಅವನ್ನು ಉಳಿಸಿದರು. ಅವರಿಂದಾಗಿ ಎರಡು ಸ್ಟ್ರೋಕ್ ಎಂಜಿನ್ ಬಲ್ಲ ಮೆಕ್ಯಾನಿಕ್‌ಗಳು ಉಳಿದರು, ಬಿಡಿಭಾಗ ಮಾಡುವವರು ಉಳಿದರು. ಸರ್ಕಾರವೂ 2021ರಲ್ಲಿ 50 ವರ್ಷ ದಾಟಿದ ವಾಹನಗಳಿಗೆಂದೇ ಪ್ರತ್ಯೇಕ ನಿಯಮ ತಂದು ವಿಎ ಎಂಬ ನೋಂದಣಿ ಸಾಲು ಕೊಟ್ಟಿತು. ಹವ್ಯಾಸಿಗಳು ಮುಂದೆ, ಕಾನೂನು ಹಿಂದೆ ಎಂಬ ಈ ಕ್ರಮ ನೆಲದ ಮೇಲೆ ಕೆಲಸ ಮಾಡಿದೆ. ಆಕಾಶಕ್ಕೆ ಅಷ್ಟು ಸರಳ ದಾರಿ ಇನ್ನೂ ಆಗಿಲ್ಲ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಮನೆಯ ಚಾವಣಿಯ ಮೇಲೆ ಕಟ್ಟಿದ ವಿಮಾನಕ್ಕೆ ನೋಂದಣಿ ಪಡೆಯಲು ವರ್ಷಗಟ್ಟಲೆ ಅಲೆದದ್ದು, 2017ರಲ್ಲಿ ಅದು ಸಿಕ್ಕಿದ್ದು ಎಲ್ಲರಿಗೂ ತಿಳಿದದ್ದೇ.

ಇದಕ್ಕೆ ಬರುವ ಮೊದಲ ಆಕ್ಷೇಪ, ವಿಮಾನಗಳನ್ನು ಉಳಿಸಲು ಮ್ಯೂಸಿಯಂ ಸಾಲದೇ ಎಂಬುದು. ಎಚ್‌ಎಎಲ್ 2001ರಲ್ಲಿ ತೆರೆದ ಪಾರಂಪರಿಕ ಕೇಂದ್ರ ಮತ್ತು ಮ್ಯೂಸಿಯಂ ನಿಜಕ್ಕೂ ಒಳ್ಳೆಯ ಕೆಲಸ. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನ ಮಾರುತ್ ಯುದ್ಧವಿಮಾನ ಮತ್ತು ರೈಟ್ ಸಹೋದರರ ವಿಮಾನದ ಪ್ರತಿಕೃತಿಯನ್ನು ಲಕ್ಷಾಂತರ ಮಕ್ಕಳು ನೋಡಿದ್ದಾರೆ. ಆದರೆ ಮ್ಯೂಸಿಯಂ ಉಳಿಸುವುದು ವಸ್ತುವನ್ನು. ಎಂಜಿನ್ ಹೇಗೆ ಬಿಸಿಯಾಗುತ್ತದೆ, ಬಾಲಚಕ್ರದ ವಿಮಾನ ಅಡ್ಡಗಾಳಿಗೆ ಹೇಗೆ ತಿರುಗಿಬೀಳಲು ನೋಡುತ್ತದೆ, ಅದನ್ನು ಪಾದದ ಯಾವ ಒತ್ತಿನಿಂದ ಹಿಡಿಯಬೇಕು ಎಂಬುದು ಗಾಜಿನ ಆಚೆಗಿನ ಫಲಕದಿಂದ ಬರುವುದಿಲ್ಲ. ವೀಣೆಯನ್ನು ಪೆಟ್ಟಿಗೆಯಲ್ಲಿಟ್ಟರೆ ಮರ ಉಳಿಯುತ್ತದೆ, ನುಡಿಸುವವರು ಉಳಿಯುವುದಿಲ್ಲ. ನಿಂತ ವಿಮಾನಕ್ಕೆ ವಸ್ತುವಿನ ಮಟ್ಟದಲ್ಲೂ ಕೇಡುಂಟು. ತೆರೆದ ಅಂಗಳದಲ್ಲಿ ಮಳೆಗೆ ಬಟ್ಟೆ ಕೊಳೆಯುತ್ತದೆ, ಕೊಳವೆಗಳ ಒಳಗೆ ತುಕ್ಕು ಹಿಡಿಯುತ್ತದೆ, ತಿರುಗದ ಎಂಜಿನ್ನಿನೊಳಗೆ ಎಣ್ಣೆ ಕೆಳಗಿಳಿದು ಲೋಹ ಬರಿದಾಗುತ್ತದೆ. ಹಾರುವ ವಿಮಾನವನ್ನು ವರ್ಷಕ್ಕೊಮ್ಮೆಯಾದರೂ ಬಿಚ್ಚಿ ನೋಡಲೇಬೇಕು. ಆ ಕಡ್ಡಾಯದಿಂದಲೇ ಅದರ ಆಯಸ್ಸು ಹೆಚ್ಚುತ್ತದೆ.

ಎರಡನೆಯದು ಹಣದ ಮಾತು. ಇದು ಶ್ರೀಮಂತರ ಆಟ, ಇದಕ್ಕೇಕೆ ಸಾರ್ವಜನಿಕ ಗಮನ ಎನ್ನುತ್ತಾರೆ. ವಿಮಾನ ಅಗ್ಗವಲ್ಲ ಎಂಬುದು ಸತ್ಯ. ವಿಮಾನದ ಪೆಟ್ರೋಲು ಕಾರಿನದಕ್ಕಿಂತ ದುಬಾರಿ, ವಿಮೆ, ಹ್ಯಾಂಗರ್ ಬಾಡಿಗೆ, ಪರೀಕ್ಷೆಯ ಶುಲ್ಕ ಎಲ್ಲವೂ ಸೇರುತ್ತವೆ. ಆದರೆ ಇದು ಒಬ್ಬರ ಜೇಬಿನ ಲೆಕ್ಕವಾಗಬೇಕಿಲ್ಲ. ಬ್ರಿಟನ್ನಿನಲ್ಲಿ ಒಂದು ಹಳೆಯ ವಿಮಾನಕ್ಕೆ ಹತ್ತು ಹನ್ನೆರಡು ಜನ ಪಾಲುದಾರರಾಗಿರುವುದು ಸಾಮಾನ್ಯ. ಅವರಲ್ಲಿ ಶಾಲಾ ಮೇಷ್ಟರು, ನಿವೃತ್ತರು, ಮೆಕ್ಯಾನಿಕ್‌ಗಳು ಇರುತ್ತಾರೆ. ಹಣ ಕೊಡಲಾಗದವರು ಕೆಲಸ ಕೊಡುತ್ತಾರೆ. ಪುಷ್ಪಕ್‌ನಂಥ ವಿಮಾನಕ್ಕೆ ಗಂಟೆಗೆ 20 ಲೀಟರ್ ಆಸುಪಾಸಿನ ಇಂಧನ ಸಾಕು. ಬಸವೇಶ್ವರನಗರ, ವಿಜಯನಗರಗಳಲ್ಲಿ ಲಕ್ಷಗಟ್ಟಲೆ ಬೆಲೆಯ ಬೈಕುಗಳನ್ನು ಕೊಳ್ಳುವ ಗೆಳೆಯರ ಗುಂಪುಗಳು ಬೇಕಷ್ಟಿವೆ. ಅಂಥ ಹತ್ತು ಮನೆಯವರು ಸೇರಿದರೆ ಒಂದು ಪುಷ್ಪಕ್ ಸಾಕುವುದು ಕೈಗೆ ಎಟುಕದ ಮಾತೇನಲ್ಲ. ಈ ಹವ್ಯಾಸ ಶ್ರೀಮಂತರಿಗಷ್ಟೇ ಮೀಸಲಾಗಿ ಉಳಿದಿದ್ದರೆ, ಕ್ಲಬ್ ವಿಮಾನಗಳು ಮಾಯವಾಗಿ ಖಾಸಗಿ ವಿಮಾನಗಳು ಮಾತ್ರ ಉಳಿದದ್ದೂ ಅದಕ್ಕೆ ಒಂದು ಕಾರಣ. ಕ್ಲಬ್ ವಿಮಾನವಿದ್ದರೆ ಸಾಮಾನ್ಯರೂ ಹಾರಬಲ್ಲರು ಎಂಬುದನ್ನು ಪುಷ್ಪಕ್ ಕಾಲದ ಸರ್ಕಾರ ಅರಿತಿತ್ತು.

ಅಪಾಯದ ಆಕ್ಷೇಪವನ್ನು ಹಗುರವಾಗಿ ಕಾಣುವಂತಿಲ್ಲ. 2018ರ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಆಲ್ಪ್ಸ್‌ನಲ್ಲಿ ಹಳೆಯ ಯುಂಕರ್ಸ್ 52 ವಿಮಾನ ಬಿದ್ದು 20 ಜನ ಸತ್ತರು. 2019ರ ಅಕ್ಟೋಬರಿನಲ್ಲಿ ಕಾಲಿಂಗ್ಸ್ ಫೌಂಡೇಷನ್ನಿನದೇ ಬಿ-17 ಬಾಂಬರ್ ಅಪಘಾತಕ್ಕೀಡಾಗಿ ಏಳು ಜನ ಹೋದರು. 2022ರ ನವೆಂಬರಿನಲ್ಲಿ ಡಲ್ಲಾಸ್‌ನ ಪ್ರದರ್ಶನದಲ್ಲಿ ಎರಡು ಹಳೆಯ ಯುದ್ಧವಿಮಾನಗಳು ಆಕಾಶದಲ್ಲೇ ಡಿಕ್ಕಿ ಹೊಡೆದು ಆರು ಮಂದಿ ಪ್ರಾಣ ಕಳೆದುಕೊಂಡರು. ಹಳೆಯ ವಿಮಾನ ಹಾರಿಸಿ ಎಂದು ವಾದಿಸುವವರು ಈ ಸಾವುಗಳನ್ನು ಮುಚ್ಚಿಟ್ಟು ಮಾತಾಡಬಾರದು. ಆದರೆ ಮೂರನ್ನೂ ಗಮನಿಸಿದರೆ ಅವು ಭಾರೀ ಗಾತ್ರದ, ಹಲವು ಎಂಜಿನ್ನುಗಳ ವಿಮಾನಗಳಿದ್ದ ಹಾರಾಟಗಳು. ಮೊದಲ ಎರಡರಲ್ಲಿ ಟಿಕೆಟ್ ಕೊಂಡ ಪ್ರಯಾಣಿಕರಿದ್ದರು, ಮೂರನೆಯದು ಜನಸಂದಣಿಯ ಮುಂದಿನ ಪ್ರದರ್ಶನ. ಇಬ್ಬರೇ ಕೂರುವ, ಗಂಟೆಗೆ ನೂರು ಮೈಲಿಯೂ ದಾಟದ, ತಾವಾಗಿ ಅಪಾಯ ಒಪ್ಪಿಕೊಂಡವರಷ್ಟೇ ಹಾರುವ ವಿಮಾನಕ್ಕೆ ಬೇರೆ ನಿಯಮ ಸಾಧ್ಯ. ಟಿಕೆಟ್ ಮಾರಾಟ ಬೇಡ, ವಸತಿ ಪ್ರದೇಶದ ಮೇಲೆ ಸಾಹಸ ಬೇಡ, ಹಗಲಿನಲ್ಲಿ, ಒಳ್ಳೆಯ ಹವೆಯಲ್ಲಿ ಮಾತ್ರ ಹಾರಾಟ, ಪ್ರತಿ ವರ್ಷ ಅರ್ಹ ಎಂಜಿನಿಯರ್ ಪರೀಕ್ಷೆ. ಇಷ್ಟು ಕಟ್ಟುಪಾಡು ಹಾಕಿದರೆ ಉಳಿಯುವ ಅಪಾಯ ಪರ್ವತಾರೋಹಣದಂಥ ಹವ್ಯಾಸಗಳಲ್ಲಿ ನಾವು ಈಗಾಗಲೇ ಒಪ್ಪಿಕೊಂಡಿರುವ ಜಾತಿಯದು.

ಜಾಗದ ತೊಡಕು ಇವೆಲ್ಲಕ್ಕಿಂತ ಗಟ್ಟಿ. ಜಕ್ಕೂರಿನ ಒಂದು ಬದಿಗೆ ಯಲಹಂಕದ ವಾಯುಪಡೆ ನೆಲೆ, ಉತ್ತರಕ್ಕೆ ದೇವನಹಳ್ಳಿಯ ದಟ್ಟಣೆಯ ವಿಮಾನ ನಿಲ್ದಾಣ, ಸುತ್ತ ಎದ್ದಿರುವ ಕಟ್ಟಡಗಳು. ಅಲ್ಲಿಯ ಆಕಾಶದಲ್ಲಿ ಮನಬಂದಂತೆ ಹಾರುವುದು ಸಾಧ್ಯವಿಲ್ಲ, ಆಗಲೂಬಾರದು. ಆದ್ದರಿಂದ ಜಕ್ಕೂರನ್ನು ದುರಸ್ತಿ ಮತ್ತು ಕಲಿಕೆಯ ಮನೆಯಾಗಿಟ್ಟುಕೊಂಡು, ಹಾರಾಟಕ್ಕೆ ನಗರದ ಗದ್ದಲದಿಂದ ದೂರದ ನೆಲ ನೋಡುವುದು ಜಾಣತನ. ಮೈಸೂರಿನ ಮಂಡಕಳ್ಳಿ 1940ರಿಂದ ಇದೆ. ಬಳ್ಳಾರಿಗಂತೂ ದೇಶದ ವಿಮಾನಯಾನದ ಚರಿತ್ರೆಯಲ್ಲೇ ಸ್ಥಾನವಿದೆ: 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಟಾಟಾ ಕರಾಚಿಯಿಂದ ಮುಂಬಯಿಗೆ ಹಾರಿಸಿ ತಂದ ಅಂಚೆಯನ್ನು ಗೆಳೆಯ ನೆವಿಲ್ ವಿನ್ಸೆಂಟ್ ಬಳ್ಳಾರಿಯ ಮೂಲಕ ಮದ್ರಾಸಿಗೆ ಮುಟ್ಟಿಸಿದರು. ಆ ಹಾರಾಟದ 50ನೇ ವರ್ಷಕ್ಕೆ, 1982ರಲ್ಲಿ, 78ರ ವಯಸ್ಸಿನ ಟಾಟಾ ಹಳೆಯ ಲೆಪರ್ಡ್ ಮಾತ್ ವಿಮಾನದಲ್ಲಿ ಒಬ್ಬರೇ ಕೂತು ಅದೇ ದಾರಿಯನ್ನು ಮುಂಬಯಿವರೆಗೆ ಮತ್ತೆ ಹಾರಿದರು. ಹಳೆಯ ವಿಮಾನವೊಂದು ಹಾರುವ ಸ್ಥಿತಿಯಲ್ಲಿ ಉಳಿದಿದ್ದರಿಂದ ಮಾತ್ರ ದೇಶ ಆ ದಿನವನ್ನು ಕಣ್ಣಾರೆ ಕಂಡಿತು.

ಹೊಸದನ್ನು ಕಟ್ಟುವ ಕಾಲದಲ್ಲಿ ಹಳೆಯದರ ಹಂಬಲವೇಕೆ ಎಂದು ಕೇಳುವವರಿಗೆ ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಉತ್ತರ ಕೊಡುತ್ತದೆ. 1987ರಲ್ಲಿ ಅದು ಹಾರಿಸಿದ ಮೊದಲ ಹಗುರ ವಿಮಾನ ಅಮೆರಿಕದ ಬರ್ಟ್ ರುಟಾನ್ ಮನೆಯಲ್ಲೇ ವಿಮಾನ ಕಟ್ಟುವ ಹವ್ಯಾಸಿಗಳಿಗೆಂದು ರೂಪಿಸಿದ ಲಾಂಗ್-ಈಝೆಡ್ ನಕ್ಷೆಯನ್ನು ಆಧರಿಸಿತ್ತು. ಅದನ್ನು ಕಟ್ಟುತ್ತ ಕಾಂಪೊಸಿಟ್ ವಸ್ತುವಿನ ಕೆಲಸ ಕಲಿತ ಸಂಸ್ಥೆ 1993ರಲ್ಲಿ ಹಂಸ ವಿಮಾನವನ್ನು ಹಾರಿಸಿತು, 2021ರಲ್ಲಿ ಅದರ ಹೊಸ ಪೀಳಿಗೆಯನ್ನು ಹಾರಿಸಿತು. ಜೋಯಲ್ ಕೋಷ್ಲಾಂ ಬೆಂಗಳೂರಿನಲ್ಲಿ ಕಟ್ಟಿದ ರಾಜಹಂಸ ಕಂಪನಿಯ ಎಕ್ಸ್-ಏರ್ ಹಗುರ ವಿಮಾನಗಳು ಕಿಟ್ ರೂಪದಲ್ಲಿ ಹಲವು ದೇಶಗಳ ಹವ್ಯಾಸಿಗಳ ಮನೆ ಸೇರಿದವು. ಇಲ್ಲಿಂದ ಹೋದ ಕಿಟ್ಟುಗಳನ್ನು ಬೇರೆ ದೇಶದ ದಂಪತಿಗಳು ಷೆಡ್ಡಿನಲ್ಲಿ ಜೋಡಿಸಿ ಹಾರುತ್ತಾರೆ, ನಮ್ಮ ದಂಪತಿಗಳು ಆ ಸುಖದಿಂದ ದೂರ ಉಳಿಯಬೇಕು ಎಂಬುದರಲ್ಲಿ ನ್ಯಾಯವಿಲ್ಲ.

ಮಾಡಬೇಕಾದದ್ದು ಬಹಳ ದೊಡ್ಡದಲ್ಲ. ಎಚ್‌ಎಎಲ್ ತನ್ನ ಬಳಿ ಇರುವ ಪುಷ್ಪಕ್ ಮತ್ತು ಎಚ್‌ಟಿ-2 ನಕ್ಷೆಗಳನ್ನು, ದುರಸ್ತಿ ಕೈಪಿಡಿಗಳನ್ನು ನೋಂದಾಯಿತ ಹವ್ಯಾಸಿ ಸಂಘಕ್ಕೆ ತೆರೆದಿಡಲಿ. ಜಕ್ಕೂರಿನಲ್ಲಿ ಒಂದು ಹ್ಯಾಂಗರನ್ನು ಸರ್ಕಾರ ಇದಕ್ಕೆ ಬಿಟ್ಟುಕೊಡಲಿ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ಹಳೆಯ ಕಾರುಗಳಿಗೆ ಸಾರಿಗೆ ಇಲಾಖೆ ಮಾಡಿದಂತೆ, 50 ವರ್ಷ ದಾಟಿದ ಸಣ್ಣ ವಿಮಾನಗಳಿಗೆ ಸ್ಪಷ್ಟವಾದ, ಕಾಲಮಿತಿಯ ಪರವಾನಗಿ ಕ್ರಮ ರೂಪಿಸಲಿ. ಮೊದಲ ಗುರಿಯಾಗಿ ಬೆಂಗಳೂರಿನಲ್ಲೇ ಹುಟ್ಟಿದ ಒಂದು ಪುಷ್ಪಕ್ ಬೆಂಗಳೂರಿಗರ ಕೈಯಲ್ಲೇ ಮತ್ತೆ ಹಾರಲಿ. ಈ ಪುಟ ಓದುವ ಮನೆಗಳಲ್ಲಿ ಎಚ್‌ಎಎಲ್‌ನಲ್ಲಿ ದುಡಿದ ಅಜ್ಜ, ಅಪ್ಪ, ದೊಡ್ಡಪ್ಪ ಇದ್ದರೆ ಅವರನ್ನು ಕೂರಿಸಿ ಕೇಳಿ: ಬಟ್ಟೆ ಹೇಗೆ ಬಿಗಿಯುತ್ತಿದ್ದರು, ಎಂಜಿನ್ ಹೇಗೆ ಹೊಂದಿಸುತ್ತಿದ್ದರು, ಯಾವ ಉಪಕರಣ ಬಳಸುತ್ತಿದ್ದರು. ಅವರು ಹೇಳಿದ್ದನ್ನು ಬರೆದಿಡಿ, ಅವರ ಹಳೆಯ ನೋಟ್‌ಬುಕ್ ಮತ್ತು ಫೋಟೊಗಳನ್ನು ರದ್ದಿಗೆ ಹಾಕಬೇಡಿ. ಎಚ್‌ಟಿ-2 ಕಾಲದಲ್ಲಿ ಕೆಲಸಕ್ಕೆ ಸೇರಿದವರಿಗೆ ಈಗ ತೊಂಬತ್ತು ಸಮೀಪಿಸಿದೆ.